ಪುಸ್ತಕ ಅರ್ಧಕ್ಕಿಟ್ಟು ಅದರ ಸಿನಿಮಾ ನೋಡಬೇಡಿ

ಓದುತ್ತಿರುವ ಪುಸ್ತಕವನ್ನು ಅರ್ಧಕ್ಕಿಟ್ಟು ಅದರ ಸಿನಿಮಾ ನೋಡಬೇಡಿ. ನಾನು ನೋಡಿದೆ. ಅವತ್ತು ಕಳೆದುಕೊಂಡದ್ದು ಇನ್ನೂ ವಾಪಸ್ ಬಂದಿಲ್ಲ.

ಎರಡು ತಿಂಗಳಿಂದ ಕಥೆ, ಕಾದಂಬರಿಗಳಿಂದ ಬಂದ ಕನ್ನಡ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದೇನೆ. ನನಗೆ ಪುಸ್ತಕದ ಹುಚ್ಚು ಜಾಸ್ತಿ, ಸಿನಿಮಾ ನೋಡುವುದು ಕಡಿಮೆ. ಹಾಗಾಗಿ ಇಲ್ಲಿ ಬರೆಯುವುದು ಓದುವವಳೊಬ್ಬಳ ಅನುಭವ ಅಷ್ಟೇ, ವಿಮರ್ಶೆ ಅಲ್ಲ.

ಶುರುವಾದದ್ದು 'ಚೋಮನ ದುಡಿ'ಯಿಂದ. ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಚಿಕ್ಕ ಪುಸ್ತಕ. ಬೇಗ ಮುಗಿದುಹೋಗಬಾರದು ಅಂತ ದಿನಕ್ಕೆ ಹತ್ತೇ ಪುಟ ಓದುತ್ತಿದ್ದೆ. ಚೋಮನಿಗೆ ಇರುವುದು ಒಂದೇ ಆಸೆ. ತನ್ನದು ಅನ್ನುವ ತುಂಡು ನೆಲವನ್ನು ಉಳಬೇಕು. ಅದು ಕೈಗೂಡದೆ ಒಳಗೆ ಕುದಿಯುವಾಗೆಲ್ಲ ಅವನು ದುಡಿ ಬಾರಿಸುತ್ತಾನೆ. ಸಿಟ್ಟು ಬಂದರೂ ದುಡಿ, ದುಃಖವಾದರೂ ದುಡಿ. ಪುಸ್ತಕದಲ್ಲಿ ಸದ್ದು ಇರುವುದಿಲ್ಲ, ನಾವೇ ಕೇಳಿಸಿಕೊಳ್ಳಬೇಕು. ನನಗೊಂದು ಸದ್ದು ಕೇಳಿಸುತ್ತಿತ್ತು. ಮಳೆಯ ಆಚೆ ಎಲ್ಲೋ ದೂರದಲ್ಲಿ ಬಾರಿಸುತ್ತಿರುವ ಹಾಗೆ, ಸ್ವಲ್ಪ ತಗ್ಗಿದ ಸದ್ದು. ಚೋಮನಿಗೊಂದು ಮುಖವೂ ಬರತೊಡಗಿತ್ತು. ಪೂರ್ತಿ ಮುಖವಲ್ಲ, ಹಣೆ ಮತ್ತು ಕಣ್ಣು ಮಾತ್ರ.

ಅರ್ಧ ಪುಸ್ತಕ ಆಗಿತ್ತು. ಒಂದು ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹತ್ತು ನಿಮಿಷ ನೋಡೋಣ ಅಂತ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾ ಹಾಕಿದೆ. ಮುಗಿಯುವವರೆಗೂ ಏಳಲಾಗಲಿಲ್ಲ. ಅದಕ್ಕೆ ಸ್ವರ್ಣಕಮಲ ಸಿಕ್ಕಿತ್ತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದಿತ್ತು ಅಂತ ಕೇಳಿದ್ದೆ. ಯಾಕೆ ಬಂತು ಅಂತ ಆ ರಾತ್ರಿ ಗೊತ್ತಾಯಿತು.

ಮಾರನೇ ದಿನ ಪುಸ್ತಕ ತೆರೆದೆ. 'ಚೋಮ' ಅಂತ ಓದಿದ ಕೂಡಲೇ ವಾಸುದೇವರಾವ್ ಅವರ ಮುಖ ಬಂತು. ದುಡಿ ಅಂದರೆ ಸಿನಿಮಾದ ದುಡಿಯೇ ಕೇಳಿಸಿತು. ನನ್ನ ಆ ಸದ್ದು ನೆನಪಾಗುತ್ತದೇನೋ ಅಂತ ಕಣ್ಣು ಮುಚ್ಚಿ ಕೂತೆ. ಬರಲಿಲ್ಲ. ಚೋಮನ ಮಗಳು ಬೆಳ್ಳಿಗೆ ಏನಾಗುತ್ತದೆ, ಅವಳ ಅಣ್ಣತಮ್ಮಂದಿರಿಗೆ ಏನಾಗುತ್ತದೆ ಅನ್ನುವುದೂ ಆಗಲೇ ಗೊತ್ತಿತ್ತು. ಕೈ ಪುಟ ತಿರುಗಿಸುತ್ತಿತ್ತು, ಮನಸ್ಸು ಮುಂದಿನ ದೃಶ್ಯಕ್ಕೆ ಕಾಯುತ್ತಿತ್ತು. ಹೇಗೋ ಮುಗಿಸಿದೆ. ಆದರೆ ಓದಿದೆ ಅಂತ ಇವತ್ತಿಗೂ ಅನಿಸುತ್ತಿಲ್ಲ. ಇನ್ನೊಮ್ಮೆ ಓದಬಹುದು, ನಿಜ. ಮೊದಲ ಸಲದ ಓದು ಇನ್ನೊಮ್ಮೆ ಸಿಗುವುದಿಲ್ಲವಲ್ಲ.

ಇದರಲ್ಲಿ ಸಿನಿಮಾದ ತಪ್ಪು ಒಂದಿಷ್ಟೂ ಇಲ್ಲ. ನಾವು ಓದುವವರು ಯಾವಾಗಲೂ ಹೆದರುವುದು ಕೆಟ್ಟ ಸಿನಿಮಾಕ್ಕೆ, ಕಾದಂಬರಿ ಹಾಳು ಮಾಡಿಬಿಡುತ್ತಾರೆ ಅಂತ. ಕೆಟ್ಟ ಸಿನಿಮಾದಿಂದ ಕಾದಂಬರಿಗೆ ಏನೂ ಆಗುವುದಿಲ್ಲ. ಎರಡು ದಿನ ಬೈದು ಮರೆಯುತ್ತೇವೆ, ಪುಸ್ತಕ ಇದ್ದ ಹಾಗೇ ಇರುತ್ತದೆ. ಜೋಪಾನವಾಗಿರಬೇಕಾದದ್ದು ಒಳ್ಳೆಯ ಸಿನಿಮಾದ ವಿಷಯದಲ್ಲಿ. ಅದು ಬಂದು ಗಟ್ಟಿಯಾಗಿ ಕೂತುಬಿಡುತ್ತದೆ. ಅರ್ಧ ಮೂಡಿದ ಮುಖವನ್ನು ಒರೆಸಿ ತನ್ನ ಮುಖ ಇಡುತ್ತದೆ.

'ಸಂಸ್ಕಾರ'ದಲ್ಲಿ ನನಗೆ ಹೀಗಾಗಲಿಲ್ಲ. ಅನಂತಮೂರ್ತಿಯವರ ಕಾದಂಬರಿಯನ್ನು ಮೂರು ಸಲ ಓದಿಯಾಗಿತ್ತು. ಅದು ಶುರುವಾಗುವಾಗಲೇ ನಾರಣಪ್ಪ ಸತ್ತಿರುತ್ತಾನೆ. ಅಗ್ರಹಾರದವರ ಮಾತು, ಸಿಟ್ಟು, ಹೊಟ್ಟೆಕಿಚ್ಚು ಇವುಗಳಿಂದಲೇ ಅವನನ್ನು ನಾವು ಕಟ್ಟಿಕೊಳ್ಳಬೇಕು. ಒಬ್ಬೊಬ್ಬರು ಕಟ್ಟಿಕೊಳ್ಳುವ ನಾರಣಪ್ಪ ಒಂದೊಂದು ಥರ ಇರುತ್ತಾನೆ. 1970ರ ಸಿನಿಮಾ ಮೊದಲು ನೋಡಿದ್ದರೆ ಆ ಕೆಲಸವನ್ನು ನಾರಣಪ್ಪನಾದ ಲಂಕೇಶರ ಮುಖವೇ ಮಾಡಿಕೊಟ್ಟುಬಿಡುತ್ತಿತ್ತು. ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯರ ವಿಷಯದಲ್ಲೂ ಅಷ್ಟೇ. ಈಗ ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯರೂ ಇದ್ದಾರೆ, ನನ್ನ ಪ್ರಾಣೇಶಾಚಾರ್ಯರೂ ಇದ್ದಾರೆ. ಇಬ್ಬರೂ ಬೇಕು ನನಗೆ.

ಓದಿದ ಮಾರನೇ ದಿನವೇ ನೋಡುವುದೂ ಬೇಡ. 'ಘಟಶ್ರಾದ್ಧ'ದಲ್ಲಿ ಆ ಪೆಟ್ಟು ತಿಂದೆ. ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾ. ಅದರ ಹಳೇ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದ್ದಾಗಿನಿಂದ ನೋಡಬೇಕು ಅಂತಿತ್ತು. ಕಥೆ ಓದಿ, ಮಾರನೇ ದಿನ ನೋಡಲು ಕೂತೆ. ಪ್ರತಿ ದೃಶ್ಯದಲ್ಲೂ ಲೆಕ್ಕ ಹಾಕುತ್ತಾ ಹೋದೆ. ಈ ಮಾತು ಇದೆ, ಆ ಮಾತು ಇಲ್ಲ. ವಿಧವೆ ಯಮುನಕ್ಕನನ್ನು ಪುಟ್ಟ ಹುಡುಗ ನಾಣಿ ನೋಡುವ ನೋಟದಲ್ಲೇ ಇಡೀ ಸಿನಿಮಾ ಇದೆ. ಅದು ನನಗೆ ಕಂಡದ್ದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದಾಗ. ಒಂದು ತಿಂಗಳಾದರೂ ನಡುವೆ ಇರಲಿ ಅನ್ನುತ್ತೇನೆ.

ಸಿನಿಮಾ ನೋಡಿದೆ ಅಂದಮೇಲೆ ಕಾದಂಬರಿ ಓದಿದ ಹಾಗೇ ಅಂದುಕೊಳ್ಳಬೇಡಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಮಾಡಿದರು. ಮೂರು ಪುಸ್ತಕ, ಒಂದು ಸಿನಿಮಾ. ಎಷ್ಟು ಹೊರಗೆ ಉಳಿದಿರಬೇಕು, ಯೋಚಿಸಿ.

ಇಷ್ಟೆಲ್ಲ ನನ್ನ ನಷ್ಟ. ಇನ್ನೊಂದನ್ನು ಹೇಳಲು ಕಷ್ಟವಾಗುತ್ತದೆ, ಯಾಕೆಂದರೆ ಅದರಲ್ಲಿ ಕಳೆದುಕೊಂಡವಳು ನಾನಲ್ಲ.

ತಂಗಿಯ ಮಗಳಿಗೆ ಓದುವ ರುಚಿ ಹತ್ತಿಸಬೇಕು ಅಂತ ನನಗೆ ತುಂಬ ದಿನದಿಂದ ಆಸೆ. ಮೊದಲು ಸಿನಿಮಾ ತೋರಿಸಿದರೆ ಪುಸ್ತಕದ ಕಡೆ ತಾನಾಗಿ ಬರುತ್ತಾಳೆ ಅಂದುಕೊಂಡೆ. 1986ರ 'ತಬರನ ಕಥೆ' ತೋರಿಸಿದೆ. ಪಿಂಚಣಿಗಾಗಿ ತಬರ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಅವಳ ಕಣ್ಣು ತುಂಬಿತ್ತು. ನನಗೆ ಖುಷಿಯಾಯಿತು. ಅವತ್ತೇ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕೈಗೆ ಕೊಟ್ಟೆ. ಆ ಕಥೆ ಇರುವುದು ಅದರಲ್ಲೇ.

ವಾರದ ಮೇಲೆ ಪುಸ್ತಕ ವಾಪಸ್ ಬಂತು.

"ಓದಿದೆಯಾ?"

"ಇಲ್ಲ ದೊಡ್ಡಮ್ಮ. ಕಥೆ ಗೊತ್ತಾಯ್ತಲ್ಲ, ಇನ್ನೇನು ಓದೋದು?"

ಅವಳು ತಪ್ಪು ಹೇಳಲಿಲ್ಲ. ಕಥೆ ಗೊತ್ತು ಮಾಡಿಸಿದವಳು ನಾನೇ. ಆ ಒಂದು ಕಥೆಯ ಜೊತೆಗೆ ಪುಸ್ತಕದ ಉಳಿದ ಕಥೆಗಳೂ ಅವಳ ಕೈತಪ್ಪಿದವು. ತೇಜಸ್ವಿಯವರ ಒಂದು ವಾಕ್ಯ ಎಲ್ಲಿ ನಗಿಸಿ ಎಲ್ಲಿ ತಡೆದು ನಿಲ್ಲಿಸುತ್ತದೆ ಅನ್ನುವುದು ಅವಳಿಗೆ ಗೊತ್ತೇ ಆಗಲಿಲ್ಲ. ಮಕ್ಕಳಿಗೆ ಓದು ಹಚ್ಚಲು ಹೊರಟಿರುವ ಅಪ್ಪ ಅಮ್ಮ, ಅಕ್ಕ ಅಣ್ಣಂದಿರಿಗೆ ಕೈಮುಗಿದು ಕೇಳುತ್ತೇನೆ. ಸಿನಿಮಾವನ್ನು ಪುಸ್ತಕದ ಬಾಗಿಲು ಅಂದುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಅದು ಬಾಗಿಲಾಗಬಹುದು. ನಮ್ಮ ಹುಡುಗಿಗೆ ಅಲ್ಲಿಗೇ ಮುಗಿದುಹೋಯಿತು.

ಆಮೇಲೆ ದಾರಿ ಬದಲಿಸಿದೆ. 'ಡೇರ್‌ಡೆವಿಲ್ ಮುಸ್ತಫಾ' ಕೂಡ ತೇಜಸ್ವಿಯವರ ಕಥೆಯಿಂದ ಬಂದದ್ದು, 2023ರ ಸಿನಿಮಾ. ಅದನ್ನು ನೋಡೋಣ ಅಂತ ಅವಳೇ ಕೇಳಿದಳು. ಮೊದಲು ಕಥೆ ಓದು ಅಂದೆ. ಮುಖ ಊದಿಸಿಕೊಂಡು ಹೋದಳು. ಸಿನಿಮಾ ನೋಡುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಓದಿ ಬಂದಳು. ಸಣ್ಣಕಥೆಯಾದರೆ ಹೊತ್ತಿಲ್ಲ ಅನ್ನುವ ಮಾತೇ ಬರುವುದಿಲ್ಲ ನೋಡಿ. ಸಿನಿಮಾ ನೋಡುವಾಗ ನಡುವೆ "ನನ್ನ ಮುಸ್ತಫಾ ಇಷ್ಟು ಎತ್ತರ ಇರಲಿಲ್ಲ" ಅಂದಳು. ಆ ಮಾತು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ನನ್ನ ಕೈಯಲ್ಲಿ 'ಮೂಕಜ್ಜಿಯ ಕನಸುಗಳು' ಇದೆ. ಬಿ. ಜಯಶ್ರೀಯವರು ಮೂಕಜ್ಜಿಯಾಗಿರುವ 2019ರ ಸಿನಿಮಾ ನೋಡಲೇಬೇಕು ಅಂತ ಇಬ್ಬರು ಗೆಳತಿಯರು ಹೇಳಿಯಾಗಿದೆ. ನೋಡುತ್ತೇನೆ. ಪುಸ್ತಕದಲ್ಲಿ ಇನ್ನೂ ಅರವತ್ತು ಪುಟ ಬಾಕಿ ಇದೆ.