ಜರ್ಮನಿಯೋ ಇಂಗ್ಲೆಂಡೋ: ಮಕ್ಕಳ ಶಾಲೆಯ ಕಾನೂನು ನೋಡಿ ಹೊರಡಿ

ಕೆಲಸಕ್ಕೆಂದು ಮಕ್ಕಳ ಸಮೇತ ಹೊರಟಿದ್ದೀರಾ? ನಮ್ಮಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಕಡ್ಡಾಯ ಓದು 6ರಿಂದ 14 ವರ್ಷ. ಹೊಣೆ ಜಾಸ್ತಿ ಸರ್ಕಾರದ್ದೇ.

ಇಂಗ್ಲೆಂಡಿನಲ್ಲಿ 5 ತುಂಬಿದ ನಂತರದ ಟರ್ಮ್‌ನಿಂದ 16ರವರೆಗೆ ಓದು ಕಡ್ಡಾಯ. ಆಮೇಲೂ 18ರವರೆಗೆ ಕಾಲೇಜೋ ತರಬೇತಿಯೋ ಇರಲೇಬೇಕು. ಆದರೆ ಮನೆಯಲ್ಲೇ ಕಲಿಸಬಹುದು.

ಜರ್ಮನಿಯಲ್ಲಿ ಆ ಮಾತೇ ಇಲ್ಲ. ಸಾಮಾನ್ಯವಾಗಿ 6ಕ್ಕೆ ಶುರು, ರಾಜ್ಯ ನೋಡಿಕೊಂಡು 9 ಅಥವಾ 10 ವರ್ಷ, ಶಾಲೆಗೇ ಹೋಗಬೇಕು. ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮೊದಲೇ ಬೆಂಗಳೂರಿಗೆ ಹೊರಟೀರಿ ಜೋಕೆ! ಅಲ್ಲಿನ ಬವೇರಿಯಾ ರಾಜ್ಯದಲ್ಲಿ ಪೊಲೀಸರು ವಿಮಾನ ನಿಲ್ದಾಣದಲ್ಲೇ ಮಕ್ಕಳೊಂದಿಗಿರುವವರನ್ನು ತಡೆದು ವಿಚಾರಿಸಿದ್ದುಂಟು. ಶಾಲೆ ತಪ್ಪಿಸಿದರೆ ದಂಡ ಇಂಗ್ಲೆಂಡಿನಲ್ಲೂ ಇದೆ, ಅದು ಬೇರೆ ಮಾತು.

ಮನೆಯಲ್ಲೇ ಕಲಿಸುವ ಆಸೆ ಇದ್ದರೆ ಇಂಗ್ಲೆಂಡೇ ಸೈ. ಮಗು ಐದಕ್ಕೇ ಬ್ಯಾಗು ಹೊರೋದು ಬೇಡ ಅನ್ನುವವರಿಗೆ ಜರ್ಮನಿ. ನನ್ನ ಓಟು ಜರ್ಮನಿಗೇ.