‘ಫುಲ್ ಸರ್ವಿಸ್ ಆಗಿದೆ ಸರ್’ ಅಂದವನ ಟರ್ನ್‌ಟೇಬಲ್

ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಕೊಳ್ಳುವ ಯೋಚನೆಯಲ್ಲಿರುವವರು ಇದನ್ನು ಓದಿಬಿಡಿ. ಮಾರುವವನು ಹಾಕಿ ಕೊಟ್ಟ ಮುಳ್ಳಿನ ಕೆಳಗೆ ನಿಮ್ಮ ಒಳ್ಳೆಯ ರೆಕಾರ್ಡ್ ಇಡಬೇಡಿ. ಸ್ನೇಹಿತರ ರೆಕಾರ್ಡಂತೂ ಬೇಡವೇ ಬೇಡ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಆಂಪ್ಲಿಫೈಯರ್ ಸುಟ್ಟುಹೋದರೆ ಇನ್ನೊಂದು ಸಿಗುತ್ತದೆ. ಗ್ರೂವ್, ಅಂದರೆ ಮುಳ್ಳು ಓಡುವ ಗೀರು, ಕಿತ್ತುಹೋದ ಎಲ್‌ಪಿ ರೆಕಾರ್ಡಿಗೆ ಮಾತ್ರ ಯಾವ ಮೆಕ್ಯಾನಿಕ್ಕೂ ಇಲ್ಲ.

ನಾನು ಕೊಂಡಿದ್ದು ಜಪಾನಿನ ಹಳೇ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದೆ ಮೋಟರೇ ನೇರ ತಿರುಗಿಸುವ) ಟರ್ನ್‌ಟೇಬಲ್. ಮಾರಿದವನ ಹೆಸರು ಹೇಳುವುದಿಲ್ಲ, ಬೆಂಗಳೂರಿನಲ್ಲಿ ಇಂಥವರು ಒಬ್ಬರೇ ಅಲ್ಲ. ಫುಲ್ ಸರ್ವಿಸ್ ಆಗಿದೆ, ಶೂರ್ ಎಂ97ಎಕ್ಸ್‌ಇ ಕಾರ್ಟ್ರಿಜ್ ಹಾಕಿದ್ದೇನೆ, ಸ್ಟೈಲಸ್ ಹೊಸದು, ಕಂಪನಿ ಒರಿಜಿನಲ್ ಅಂದ. ಕಾರ್ಟ್ರಿಜ್ ಅಂದರೆ ಆರ್ಮ್ ಎಂಬ ಉದ್ದ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ, ಸ್ಟೈಲಸ್ ಅಂದರೆ ಆ ಮುಳ್ಳೇ. ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ತೂಕ ಎಷ್ಟಕ್ಕೆ ಇಟ್ಟಿದ್ದೀರಿ ಅಂತ ಕೇಳಿದೆ. ಆರ್ಮಿನ ಹಿಂಬದಿಯ ತೂಕದ ಗುಂಡಿನ ಮೇಲಿರುವ ಅಂಕಿ ತೋರಿಸಿದ. ಸರಿಯಾಗಿ 1.25 ಗ್ರಾಂಗೆ ನಿಂತಿತ್ತು. ಅವನ ಅಂಗಡಿಯಲ್ಲಿ ಒಂದು ವಾದ್ಯಸಂಗೀತದ ರೆಕಾರ್ಡ್ ಹಾಕಿ ಕೇಳಿಸಿದ. ಚೆನ್ನಾಗಿಯೇ ಇತ್ತು.

ನಮ್ಮದೊಂದು ಸಣ್ಣ ಗುಂಪಿದೆ. ಆಗಾಗ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಎಲ್ಲರೂ ತಮಗಿಷ್ಟವಾದ ಒಂದೊಂದು ಆಲ್ಬಮ್ ತರಬೇಕು, ಒಂದು ಸೈಡ್ ಪೂರ್ತಿ ಕೇಳಬೇಕು, ಮುಗಿಯುವ ತನಕ ಮಾತಿಲ್ಲ. ಕಾಫಿಯೂ ಸೈಡ್ ಬದಲಿಸುವಾಗಲೇ. ಆ ಸಲ ನಮ್ಮ ಮನೆ. ಮೊದಲು ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆವು. ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಧಾರವಾಡದ ಗೆಳೆಯ ತಂದಿದ್ದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಅವನ ತಂದೆಯ ಕಾಲದ್ದು, ಕವರ್ ಅಂಚು ಸವೆದಿದ್ದರೂ ರೆಕಾರ್ಡ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮನ್ಸೂರರು ದನಿ ಏರಿಸಿದಾಗ ಅಂಚಿನಲ್ಲಿ ಏನೋ ಹರಿದಂತೆ ಕೇಳಿಸಿತು. ‘ಸ’ ಬಂದ ಕಡೆಯೆಲ್ಲ ‘ಷ್ಷ್’ ಅಂತ ಉಗುಳು ಹಾರಿದ ಹಾಗೆ. ಮುಳ್ಳು ಒಳಗೆ ಲೇಬಲ್ ಕಡೆ ಹೋದಷ್ಟೂ ಜಾಸ್ತಿಯಾಯಿತು. ಒಳಸುತ್ತಿನಲ್ಲಿ ಇದು ಎದ್ದು ಕಾಣೋದು ಸಹಜ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತಿನ ಒಂದೇ ವೇಗದಲ್ಲಿ ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಹಾದುಹೋದರೆ, ಒಳಗೆ 21ರ ಆಸುಪಾಸು ಅಷ್ಟೇ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೂತಿರುತ್ತದೆ. ಕೆಟ್ಟ ಮುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ವೀಣೆಯಲ್ಲಿ ಬಚ್ಚಿಟ್ಟುಕೊಂಡಿದ್ದು ಮನುಷ್ಯನ ದನಿಯಲ್ಲಿ ಹೊರಗೆ ಬಿತ್ತು. ಅಂಗಡಿಯವನು ವಾದ್ಯದ ರೆಕಾರ್ಡೇ ಯಾಕೆ ಹಾಕಿದ ಅಂತ ಈಗ ಗೊತ್ತಾಗುತ್ತಿದೆ, ಅಲ್ವಾ?

ತಕ್ಷಣ ಆರ್ಮ್ ಎತ್ತಿದೆವು. ಮುಳ್ಳಿನ ತುದಿಯಲ್ಲಿ ಬೂದು ಬಣ್ಣದ ಪುಡಿ ಅಂಟಿತ್ತು. ಧೂಳಲ್ಲ, ರೆಕಾರ್ಡಿನದೇ ಪುಡಿ. ಗುಂಪಿನಲ್ಲಿ ಒಬ್ಬನ ಬ್ಯಾಗಿನಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಯಾವಾಗಲೂ ಇರುತ್ತದೆ. ನಾವು ಅವನನ್ನು ಚಿನ್ನದಂಗಡಿ ಶೆಟ್ಟರು ಅಂತ ಆಡಿಕೊಳ್ಳುತ್ತಿದ್ದೆವು. ಅವನು ತೂಗಿದ. ಮೂರು ಗ್ರಾಂ ದಾಟಿತ್ತು! ಆ ಕಾರ್ಟ್ರಿಜ್‌ಗೆ ಮುಕ್ಕಾಲು ಗ್ರಾಂನಿಂದ ಒಂದೂವರೆ ಗ್ರಾಂ ಸಾಕು. ಬಗ್ಗಿ ನೋಡಿದರೆ ಮುಳ್ಳಿನ ಕಡ್ಡಿ ಕುಸಿದು ಕಾರ್ಟ್ರಿಜ್ ಹೊಟ್ಟೆ ರೆಕಾರ್ಡಿಗೆ ತಾಗುವಂತಿತ್ತು.

ಮೋಸ ಎಲ್ಲಿತ್ತು ಅಂದರೆ, ಆ ತೂಕದ ಗುಂಡಿನ ಮುಂದಿರುವ ಅಂಕಿಯ ಬಳೆ ತನ್ನಷ್ಟಕ್ಕೆ ತಾನು ತಿರುಗುತ್ತದೆ. ಮೊದಲು ಆರ್ಮ್ ಗಾಳಿಯಲ್ಲಿ ಸಮನಾಗಿ ತೇಲುವಂತೆ ಮಾಡಿ, ಆಗ ಬಳೆಯನ್ನು ಸೊನ್ನೆಗೆ ತಂದು, ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಮಾತ್ರ ಆ ಅಂಕಿಗೆ ಬೆಲೆ. ಇವನು ಬಳೆಯನ್ನಷ್ಟೇ 1.25ಕ್ಕೆ ತಿರುಗಿಸಿ ಇಟ್ಟಿದ್ದ. ಯಾಕೆ ಅಂತ ಆಮೇಲೆ ತಿಳಿಯಿತು. ತೂಕ ಸರಿಮಾಡಿ ಒಂದು ಗುಜರಿ ರೆಕಾರ್ಡ್ ಹಾಕಿದರೆ ಮುಳ್ಳು ಹಾರುತ್ತಿತ್ತು. ಆರ್ಮಿನ ಬೇರಿಂಗ್ ಹಿಡಿದುಕೊಂಡಿತ್ತು. ಅದನ್ನು ರಿಪೇರಿ ಮಾಡುವ ಬದಲು ಭಾರ ಹೇರಿ ಹಾರದಂತೆ ಮಾಡಿದ್ದ. ಫುಲ್ ಸರ್ವಿಸ್ ಅಂದರೆ ಇಷ್ಟೇ.

‘ಹೊಸ’ ಮುಳ್ಳಿನ ಕತೆ ಇನ್ನೊಂದು. ಯುಎಸ್‌ಬಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ವಜ್ರದ ತುದಿಯ ಎರಡೂ ಬದಿ ಉಜ್ಜಿ ಚಪ್ಪಟೆಯಾಗಿತ್ತು. ಶೂರ್ ಕಂಪನಿ 2018ರಲ್ಲೇ ಕಾರ್ಟ್ರಿಜ್, ಸ್ಟೈಲಸ್ ಮಾಡುವುದನ್ನು ನಿಲ್ಲಿಸಿದೆ. ಹಾಗಾಗಿ ಈಗ ‘ಕಂಪನಿ ಒರಿಜಿನಲ್, ಹೊಸದು’ ಅಂದರೆ ಪ್ಯಾಕ್ ಒಡೆಯದ ಹಳೇ ಸ್ಟಾಕ್ ಆಗಿರಬೇಕು. ಅದು ಅಪರೂಪ, ಅಗ್ಗವಂತೂ ಅಲ್ಲ. ಜಪಾನಿನ ಜಿಕೋ ಮಾಡುವ ಬದಲಿ ಮುಳ್ಳುಗಳಿವೆ, ಅವು ಒಳ್ಳೆಯವೇ. ಆದರೆ ಅದನ್ನು ಹಾಕಿದವನು ಜಿಕೋ ಅಂತಲೇ ಹೇಳುತ್ತಾನೆ.

ಮಾರಿದವನಿಗೆ ಫೋನ್ ಮಾಡಿದರೆ ‘ನಿಮ್ಮ ರೆಕಾರ್ಡೇ ಹಳೇದು ಸರ್’ ಅಂದ. ಮನ್ಸೂರರ ಅದೇ ಸೈಡನ್ನು ಗೆಳೆಯನ ಪ್ಲೇಯರಿನಲ್ಲಿ ಹಾಕಿದೆವು. ನಾವು ನಿಲ್ಲಿಸಿದ ಜಾಗದವರೆಗೂ ಅದೇ ‘ಷ್ಷ್’, ಅದರಿಂದ ಮುಂದಕ್ಕೆ ನಿಚ್ಚಳ. ಅದನ್ನು ರೆಕಾರ್ಡ್ ಮಾಡಿ ಅವನಿಗೆ ಕಳಿಸಿದೆ. ನನ್ನ ನಂಬರ್ ಬ್ಲಾಕ್.

ಅವನು ಪ್ಲೇಯರ್ ಜೊತೆ ಫ್ರೀ ಕೊಟ್ಟ ಕ್ಲೀನಿಂಗ್ ಬಾಟಲಿಯ ಬಗ್ಗೆಯೂ ಹೇಳಲೇಬೇಕು. ‘ಎಲ್ಲಾ ರೆಕಾರ್ಡಿಗೂ ಆಗುತ್ತೆ’ ಅಂತ ಚೀಟಿ ಅಂಟಿಸಿದ್ದ. ಮುಚ್ಚಳ ತೆಗೆದರೆ ಸ್ಪಿರಿಟ್ ವಾಸನೆ. ಅಜ್ಜನ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಪ್ಲೇಟುಗಳು ಅರಗಿನವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಮರದ ಸಾಮಾನಿಗೆ ಅದನ್ನೇ ಬಳಿದು ಫ್ರೆಂಚ್ ಪಾಲಿಶ್ ಮಾಡುವವರನ್ನು ಕೇಳಿ. ಅದರಿಂದ ಒಂದು ಸಲ ಒರೆಸಿದರೆ ಪ್ಲೇಟು ಹಾಳು. ಇಂಥ ಬಾಟಲಿ ಸಿಕ್ಕರೆ ಚೆಲ್ಲಿಬಿಡಿ.

ಕೊಳ್ಳಲು ಹೋಗುವಾಗ ಹಾಳಾದರೂ ಬೇಜಾರಿಲ್ಲದ ಒಂದು ರೆಕಾರ್ಡ್ ನೀವೇ ಒಯ್ಯಿರಿ, ಹಾಡಿನದ್ದೇ ಇರಲಿ, ಕೊನೇ ಹಾಡು ಕೇಳಿ. ಆರ್ಮನ್ನು ಸೊನ್ನೆಗೆ ತಂದು ಮತ್ತೆ ಸೆಟ್ ಮಾಡಲು ನಿಮ್ಮೆದುರೇ ಹೇಳಿ. ಸಬೂಬು ಹೇಳಿದರೆ ಎದ್ದು ಬನ್ನಿ. ತಕ್ಕಡಿಗೆ ಕೆಲವು ನೂರು ರೂಪಾಯಿ ಅಷ್ಟೇ. ಮುಳ್ಳಿನ ದುಡ್ಡನ್ನು ಮೊದಲೇ ಬಜೆಟ್ಟಿಗೆ ಸೇರಿಸಿಕೊಳ್ಳಿ. ಅವನು ಹಾಕಿಕೊಟ್ಟಿದ್ದು ಎಷ್ಟೇ ಹೊಳೆಯಲಿ, ತೆಗೆದು ಹೊಸದು ಹಾಕಿ.

ಮನ್ಸೂರರ ಎಲ್‌ಪಿಗೆ ಬದಲಿ ಹುಡುಕುತ್ತಿದ್ದೇನೆ. ಒಳ್ಳೆಯ ಸ್ಥಿತಿಯ ಪ್ರತಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಒಳಸುತ್ತು ಕೇಳಿಸಿದ ಮೇಲೆ ರೇಟು ಮಾತಾಡೋಣ.