ಅಪಾರ್ಟ್‌ಮೆಂಟಿಗೆ ಕೇಂದ್ರೀಕೃತ ಬಿಸಿನೀರು: ಮಲೆನಾಡಿನ ಮಳೆಯಲ್ಲಿ ಹೀಟ್ ಪಂಪ್

ಶಿವಮೊಗ್ಗದ ನಮ್ಮ ವಸತಿ ಸಮುಚ್ಚಯದ ತಾರಸಿಯಲ್ಲಿ ಹೀಟ್ ಪಂಪ್ (ಗಾಳಿಯ ಶಾಖ ಹೀರಿ ನೀರು ಕಾಯಿಸುವ ವಿದ್ಯುತ್ ಯಂತ್ರ) ಅಳವಡಿಸಿ ಹಲವು ಮಳೆಗಾಲಗಳು ಕಳೆದಿರುವುದರಿಂದ, ಅದರ ಗುಣದೋಷಗಳನ್ನು ಈಗ ಧೈರ್ಯವಾಗಿ ಹೇಳಬಹುದು. ಸೋಲಾರ್ ಮೊದಲಿನಿಂದಲೂ ಇತ್ತು. ಬೇಸಿಗೆಗೆ ಅದೇ ಸಾಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಬಿಸಿಲೇ ಕಾಣದಿರುವಾಗ, ಅಂದರೆ ಬಿಸಿನೀರು ನಿಜವಾಗಿ ಬೇಕಾದ ತಿಂಗಳುಗಳಲ್ಲೇ, ಎಲ್ಲರೂ ಗೀಸರ್ ಹಾಕಬೇಕಾಗುತ್ತಿತ್ತು. 2 ಕಿಲೋವ್ಯಾಟ್‌ನ 40 ಗೀಸರ್‌ಗಳು ಬೆಳಗ್ಗೆ ಒಟ್ಟಿಗೆ ಉರಿದರೆ ಕಟ್ಟಡದ ಮೇಲೆ 80 ಕಿಲೋವ್ಯಾಟ್ ಹೊರೆ ಬೀಳುತ್ತದೆ.

100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಗೀಸರ್ ಅಷ್ಟನ್ನೂ ವಿದ್ಯುತ್ತಿನಿಂದಲೇ ಪಡೆಯುತ್ತದೆ. ಹೀಟ್ ಪಂಪ್ ಶಾಖದ ಹೆಚ್ಚಿನ ಪಾಲನ್ನು ಗಾಳಿಯಿಂದ ಹೀರುವುದರಿಂದ, ಚೆನ್ನಾಗಿ ನಡೆಯುವಾಗ ಅದರ ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಅದೇ ಕೆಲಸ ಮುಗಿಯುತ್ತದೆ. ಮಲೆನಾಡಿನ ತೇವದ ಗಾಳಿ ಇದಕ್ಕೆ ಅಡ್ಡಿಯಾದೀತು ಎಂಬ ಆತಂಕ ಅನೇಕರಿಗಿತ್ತು. ವಾಸ್ತವದಲ್ಲಿ ಗಾಳಿಯ ತೇವಾಂಶವು ಯಂತ್ರದ ತಣ್ಣನೆಯ ಸುರುಳಿಯ ಮೇಲೆ ನೀರಾಗುವಾಗ ಬಿಡುವ ಶಾಖವೂ ಯಂತ್ರಕ್ಕೇ ದಕ್ಕುತ್ತದೆ. ಹೀಗೆ ಇಳಿಯುವ ನೀರಿನ ಕೊಳವೆಯಲ್ಲಿ ಪಾಚಿ ಕಟ್ಟಿಕೊಳ್ಳುವುದರಿಂದ ಮಳೆಗಾಲದುದ್ದಕ್ಕೂ ಅದನ್ನು ಶುಚಿಗೊಳಿಸುತ್ತಿರಬೇಕು. ಇಳುವರಿ ಕುಗ್ಗುವುದು ಡಿಸೆಂಬರ್, ಜನವರಿಯ ಕೊರೆಯುವ ಬೆಳಗುಗಳಲ್ಲಿ. ಆದ್ದರಿಂದ ನಾವು ಗಾಳಿ ಬೆಚ್ಚಗಿರುವ ಮಧ್ಯಾಹ್ನವೇ ಯಂತ್ರ ನಡೆಸಿ, ಕಾದ ನೀರನ್ನು ಶಾಖ ಸೋರದ ಟ್ಯಾಂಕಿನಲ್ಲಿ ತುಂಬಿಡುತ್ತೇವೆ. ಸೋಲಾರ್‌ನಲ್ಲಿ ಬೆಚ್ಚಗಾದ ನೀರೇ ಇದರೊಳಗೆ ಹೋಗುವುದರಿಂದ ಬಿಸಿಲಿದ್ದ ದಿನ ಯಂತ್ರಕ್ಕೆ ಕೆಲಸವೇ ಕಡಿಮೆ.

ಇಷ್ಟಾದರೂ, ಉಳಿತಾಯ ನಿರ್ಧಾರವಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಕೊಳವೆಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮಗೆ ಯಂತ್ರ ಒದಗಿಸಿದವರ ಅಂದಾಜುಪಟ್ಟಿಯಲ್ಲಿ ಕೊಳವೆಗಳ ಹೊದಿಕೆಗೆ ಮೀಸಲಿಟ್ಟ ಮೊತ್ತ ತೀರಾ ಕಡಿಮೆಯಿತ್ತು. ಹಾಕಿದ ತೆಳು ಹೊದಿಕೆ ಮಳೆ ನೀರು ಕುಡಿದು ಹಾಳಾಯಿತು. ಕೆಳಗಿನ ಮಹಡಿಗಳಿಗೆ ಉಗುರುಬೆಚ್ಚಗಿನ ನೀರು ಬರತೊಡಗಿತು. ಅಡಿಕೆ ಸಿಪ್ಪೆಯಿಂದ ಹಂಡೆ ಕಾಯಿಸಿ ಹಬೆಯಾಡುವ ನೀರಿನಲ್ಲಿ ಮಿಂದು ಬೆಳೆದ ಹಿರಿಯರಿಗೆ ಅದು ಸ್ನಾನದ ನೀರೇ ಅಲ್ಲ, ಅವರ ಬೇಸರ ನ್ಯಾಯವಾದದ್ದು. ದಪ್ಪ ನೈಟ್ರೈಲ್ ರಬ್ಬರ್ ಸುತ್ತಿಸಿ, ಅದರ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದ ಮೇಲೆ ಸಮಸ್ಯೆ ತೀರಿತು. ನೀರನ್ನು ಕೊಳವೆಗಳಲ್ಲಿ ಸುತ್ತಿಸುವ ಪಂಪಿಗೆ ಟೈಮರ್ ಅಗತ್ಯ. ಇಡೀ ದಿನ ಸುತ್ತಿಸಿದರೆ, ಯಾರೂ ನಲ್ಲಿ ತಿರುಗಿಸದಿದ್ದರೂ ಶಾಖ ಸೋರುತ್ತಲೇ ಇರುತ್ತದೆ.

ಟ್ಯಾಂಕನ್ನು 60 ಡಿಗ್ರಿಯಲ್ಲಿ ಇಡುವುದು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಅವಶ್ಯಕ, ಆದರೆ ಆ ನೀರು ಮಕ್ಕಳ ಮೈ ಸುಡಬಲ್ಲದು. ಬಚ್ಚಲಿನಲ್ಲಿ ತಣ್ಣೀರು ಬೆರೆಸುವ ಮಿಕ್ಸರ್ ಸರಿಯಾಗಿರಬೇಕು. ಯಂತ್ರದ ಸದ್ದು ಮೇಲಿನ ಮಹಡಿಗೆ ಕೇಳಿಸುತ್ತದೆ. ಕಾಲುಗಳಡಿ ರಬ್ಬರ್ ಇಟ್ಟರೂ ಪೂರ್ತಿ ನಿಲ್ಲುವುದಿಲ್ಲ.

ಹೊಸದಾಗಿ ಕೊಳ್ಳುವ ಸಂಘಗಳು ಒಂದು ದೊಡ್ಡ ಯಂತ್ರದ ಬದಲು ಎರಡು ಸಣ್ಣವನ್ನು ಕೇಳಲಿ. ಆಷಾಢದಲ್ಲಿ ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ. ಹೀಟ್ ಪಂಪಿಗೆ ಪ್ರತ್ಯೇಕ ವಿದ್ಯುತ್ ಮೀಟರನ್ನೂ ಬಿಸಿನೀರಿಗೆ ಮತ್ತೊಂದು ಮೀಟರನ್ನೂ ಹಾಕಿಸಿ, ಮಾರಾಟಗಾರರು ಹೇಳಿದ ಇಳುವರಿಯನ್ನು ಮೊದಲ ವರ್ಷವೇ ಲೆಕ್ಕ ಹಾಕಿ ನೋಡಲಿ.